ಮಚ್ಚೆ ಕುದುರೆಯ ಮೇಲಿನ ಮಾತು

ಫೆಸ್ಟಿ ಗೆರಾಟಿ ಆ ಹೆಣ್ಣು ಕುದುರೆಯನ್ನು ಕೊಂಡದ್ದು ಗಾಡಿಗೆ ಕಟ್ಟುವುದಕ್ಕೇ ಹೊರತು ವೈದ್ಯ ಮಾಡುವುದಕ್ಕಲ್ಲ. ಉರುವಲಿಗೆಂದು ಜೌಗುನೆಲದಲ್ಲಿ ಕೊಯ್ದು ಒಣಗಿಸಿದ ಮಣ್ಣಿನ ಹೆಂಟೆಗಳನ್ನು ಡೆರಿನಮೋನದ ಮನೆಮನೆಯ ಒಲೆಗೆ ಹೇರಿ ಹಾಕುವುದು ಅವನ ಕಸುಬು. ಹಳೆಯ ಕುದುರೆ ಬೇಸಿಗೆಯಲ್ಲಿ ಸತ್ತಿತ್ತು. ಆಗಸ್ಟ್ ತಿಂಗಳ ಸಂತೆಯಲ್ಲಿ, ಹೊತ್ತು ಇಳಿಯುತ್ತ ಬಂದರೂ ಯಾರೂ ಕೊಳ್ಳದೆ ಉಳಿದಿದ್ದ ಒಂದು ಕುದುರೆ ಕಣ್ಣಿಗೆ ಬಿತ್ತು. ಮೈಯೆಲ್ಲ ಕಪ್ಪು ಬಿಳಿ ಮಚ್ಚೆ, ಒಂದು ಕಿವಿ ಕಪ್ಪು, ಇನ್ನೊಂದು ಬಿಳಿ; ಯಾರೋ ಸುಣ್ಣ ಬಳಿಯಲು ಶುರುಮಾಡಿ ಅರ್ಧಕ್ಕೇ ಊಟಕ್ಕೆ ಎದ್ದು ಹೋದ ಹಾಗಿತ್ತು. ಕಾಲು ಗಟ್ಟಿ, ಹಲ್ಲು ಸರಿ, ಬೆಲೆ ಕಡಿಮೆ. ಬಣ್ಣವೇನು ಗಾಡಿ ಎಳೆಯುತ್ತದೆಯೇ ಎಂದುಕೊಂಡು ಫೆಸ್ಟಿ ಸಂತೆಯ ಪದ್ಧತಿಯಂತೆ ಅಂಗೈಗೆ ಉಗುಳಿ, ಮಾರುವವನ ಅಂಗೈಗೆ ಪಟ್ಟೆಂದು ಹೊಡೆದು ವ್ಯಾಪಾರ ಮುಗಿಸಿದ.

ಬಣ್ಣ ಗಾಡಿ ಎಳೆಯಲಿಲ್ಲ, ನಿಜ. ಮೂರನೆಯ ದಿನದಿಂದ ಜನರನ್ನು ಎಳೆಯತೊಡಗಿತು.

ಆ ವರ್ಷ ಸೀಮೆಯಲ್ಲೆಲ್ಲ ನಾಯಿಕೆಮ್ಮು. ಶಾಲೆಯ ಬೆಂಚುಗಳು ಅರ್ಧ ಖಾಲಿ. ಡೆರಿನಮೋನದಲ್ಲಿ ತಲೆತಲಾಂತರದಿಂದ ಬಂದ ಮಾತೊಂದಿದೆ: ಮಚ್ಚೆ ಕುದುರೆ ಏರಿ ಬಂದವರನ್ನು ನಾಯಿಕೆಮ್ಮಿಗೆ ಮದ್ದೇನೆಂದು ಕೇಳಬೇಕು, ಕೇಳಿದ ಮೇಲೆ ಅವರ ಬಾಯಿಂದ ಮೊದಲು ಬಂದದ್ದೇ ಮದ್ದು. ಅವರಿಗೆ ವೈದ್ಯ ಗೊತ್ತಿರಬೇಕೆಂದಿಲ್ಲ, ಬುದ್ಧಿ ಇರಬೇಕೆಂದೂ ಇಲ್ಲ. ಒಬ್ಬ ಸವಾರನನ್ನು ಒಂದು ಮಗುವಿಗೆ ಒಂದೇ ಸಲ ಕೇಳಬೇಕು. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಬೇಕು. ಉಪಕಾರವಾಯಿತು ಎಂದು ಮಾತ್ರ ಅನ್ನಕೂಡದು. ಅಂದರೆ ಮದ್ದು ಕೆಟ್ಟಿತು.

ಫೆಸ್ಟಿಗೆ ಐವತ್ತೆರಡು ವರ್ಷ. ಮದುವೆಯಿಲ್ಲ, ಮಕ್ಕಳಿಲ್ಲ, ಆದರೆ ಬಾಯಿ ಇತ್ತು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅಂಥ ಬಾಯಿ. ಹವಾಮಾನ, ಹಸುವಿನ ಕೆಚ್ಚಲು, ಪಾದ್ರಿಗಳ ಪ್ರಸಂಗ, ಗಂಡ ಹೆಂಡಿರ ಜಗಳ, ಯಾವುದನ್ನು ಕೇಳಿದರೂ ಅವನಲ್ಲಿ ಉತ್ತರ ತಯಾರು. ಇಷ್ಟು ದಿನ ಕೇಳುವವರಿರಲಿಲ್ಲ, ಅಷ್ಟೇ. ಈಗ ಬೇಲಿಬೇಲಿಯಿಂದ ಹೆಂಗಸರು ಓಡಿಬಂದು, "ಮಚ್ಚೆ ಕುದುರೆ ಸವಾರನೇ, ನಾಯಿಕೆಮ್ಮಿಗೆ ಮದ್ದೇನು?" ಎಂದು ರಾಗವಾಗಿ ಕೇಳತೊಡಗಿದರೆ ಅವನು ಹಿಗ್ಗದೆ ಇರುತ್ತಾನೆಯೇ? ಗಾಡಿಗೆ ಕಟ್ಟುವ ಕುದುರೆಯನ್ನು ಬಿಚ್ಚಿ, ಕೆಲಸವಿಲ್ಲದಿದ್ದರೂ ಏರಿ, ಟೋಪಿ ಓರೆ ಮಾಡಿಕೊಂಡು ಊರು ಸುತ್ತಿದ.

ಅವನ ಮದ್ದುಗಳಲ್ಲಿ ತುಂಟತನವಿತ್ತು, ನ್ಯಾಯವೂ ಇತ್ತು. ಪೀಟರ್ ಮುಲ್ರೂನಿ ಎಂಬ ಜಿಪುಣ, ತನ್ನ ಮೊಮ್ಮಗನಿಗಾಗಿ ಕೇಳಿದಾಗ ಫೆಸ್ಟಿ ಒಂದು ಕ್ಷಣವೂ ಯೋಚಿಸಲಿಲ್ಲ.

"ದಿನಾ ಎರಡು ಮೊಟ್ಟೆ. ರೊಟ್ಟಿ ಮೇಲೆ ಬೆರಳು ದಪ್ಪ ಬೆಣ್ಣೆ. ಸಂತೆಗೆ ಕಳಿಸ್ತೀಯಲ್ಲ, ಆ ಬೆಣ್ಣೆ."

"ಬೆರಳು ದಪ್ಪ ಅಂದ್ರೆ ಯಾರ ಬೆರಳು?" ಎಂದ ಪೀಟರ್, ಮುಖ ಹುಳಿ ಮಾಡಿಕೊಂಡು.

"ನನ್ನದು ಕಣಯ್ಯಾ," ಎಂದು ಫೆಸ್ಟಿ ಹೆಂಟೆ ಕೊಯ್ದು ಕೊಯ್ದು ಉಬ್ಬಿದ್ದ ಹೆಬ್ಬೆರಳು ತೋರಿಸಿದ.

ಹುಡುಗ ಮೂರು ವಾರದಲ್ಲಿ ಗುಂಡಗಾದ. ನಾಯಿಕೆಮ್ಮು ಆರೇಳು ವಾರಕ್ಕೆ ತಾನಾಗಿಯೇ ಹೋಗುವ ರೋಗ. ಹೋಗುವಾಗ ಹೆಸರನ್ನು ಫೆಸ್ಟಿಗೆ ಕೊಟ್ಟು ಹೋಯಿತು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಗೋಡೆಗೆ ಒರಗಿ ನಿಂತ ಗಂಡಸರು ಅವನಿಗೆ ಜಾಗ ಬಿಟ್ಟುಕೊಟ್ಟರು. "ಬನ್ನಿ ಡಾಕ್ಟ್ರೇ," ಎಂದು ಅವರು ಕಿಚಾಯಿಸಿದರೆ ಇವನು ಅದನ್ನು ಮರ್ಯಾದೆ ಎಂದೇ ತೆಗೆದುಕೊಂಡ.

ಸೆಪ್ಟೆಂಬರ್ ಎರಡನೆಯ ವಾರ ಸಬೀನಾ ಮ್ಯಾನಿಯನ್ ಅವನನ್ನು ಹುಡುಕಿಕೊಂಡು ಜೌಗಿಗೇ ಬಂದಳು. ದ್ವೀಪದ ಕಡೆಯಿಂದ ಮದುವೆಯಾಗಿ ಬಂದ ಹುಡುಗಿ, ಇಪ್ಪತ್ತಾರರ ಪ್ರಾಯ, ಮಾತು ಕಡಿಮೆ. ಗಂಡ ಆಂಟನಿ ಆಲೂಗಡ್ಡೆ ಕೀಳುವ ಗುಂಪಿನ ಜೊತೆ ಜೂನ್‌ನಲ್ಲೇ ಸ್ಕಾಟ್ಲೆಂಡಿಗೆ ಹೋಗಿದ್ದ. ಮನೆಯಲ್ಲಿ ಅವಳು, ಅತ್ತೆ ಹನೋರಾ, ಮೂರು ವರ್ಷದ ಮಗಳು ಡೀಲಿಯಾ.

"ಫೆಸ್ಟಿಯಣ್ಣಾ, ಡೀಲಿಯಾಗೆ ಕೆಮ್ಮು ಹಿಡಿದು ಹತ್ತೊಂಬತ್ತು ದಿನ ಆಯ್ತು."

"ಗೊತ್ತಮ್ಮಾ. ರಸ್ತೇಲಿ ಹೋಗ್ತಾ ಕೇಳಿಸುತ್ತೆ. ನಿಮ್ಮನೆಯೋರು ಇನ್ನೂ ಯಾಕೆ ಕೇಳಿಲ್ಲ ಅಂತ ನಾನೂ ಅಂದ್ಕೊಳ್ತಿದ್ದೆ."

"ಅತ್ತೆ ನಾಳೆ ಬೆಳಿಗ್ಗೆ ಕೇಳ್ತಾರೆ. ನೀನು ಹತ್ತು ಗಂಟೆಗೆ ನಮ್ಮ ಗೇಟ್ ಮುಂದೆ ಹೋಗ್ತೀಯಲ್ಲ, ಆಗ." ಸಬೀನಾ ಕೈಯಲ್ಲಿದ್ದ ಶಾಲಿನ ಅಂಚನ್ನು ಹಿಂಡುತ್ತಿದ್ದಳು. "ಮೂರು ದಿನದಿಂದ ಮಗು ತಿಂದಿದ್ದು ನಿಲ್ತಿಲ್ಲ. ಉಸಿರು ಎಳೆದ್ರೆ ಪಕ್ಕೆ ಒಳಗೆ ಹೋಗುತ್ತೆ. ಇದು ಬರೀ ಕೆಮ್ಮಲ್ಲಣ್ಣಾ. ಪೇಟೆ ಆಸ್ಪತ್ರೆಗೆ ಹೋಗ್ಬೇಕು. ನಾನು ಹೇಳಿದ್ರೆ ಅತ್ತೆ ಕಿವಿಗೇ ಹಾಕ್ಕೊಳ್ಳಲ್ಲ. ಪಾದ್ರಿಗಳು ಬಂದು ಹೇಳಿದ್ರು. 'ಪ್ರಾರ್ಥನೆ ಮಾಡಿ ಹೋಗಿ ಸ್ವಾಮಿ, ಟೀ ಕೊಡ್ತೀನಿ' ಅಂದುಬಿಟ್ರು ಅತ್ತೆ. ಆದ್ರೆ ಮಚ್ಚೆ ಕುದುರೆ ಮಾತು ಅವರು ಮೀರಲ್ಲ. ನೀನು ನಾಳೆ 'ಆಸ್ಪತ್ರೆ' ಅಂತ ಒಂದೇ ಒಂದು ಮಾತು ಹೇಳಿಬಿಡು."

ಹನೋರಾ ಯಾಕೆ ಹಾಗೆ ಎಂದು ಫೆಸ್ಟಿಗೆ ಯಾರೂ ಹೇಳಬೇಕಾಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ, ಆಂಟನಿ ಹುಟ್ಟುವ ಮೊದಲು, ಅವಳ ಇಬ್ಬರು ಮಕ್ಕಳು, ಆರು ವರ್ಷದ ಲೂಕ್, ನಾಲ್ಕು ವರ್ಷದ ಅನ್ನಿ, ಗಂಟಲುಮಾರಿ ಬಂದು ಆ ಆಸ್ಪತ್ರೆಯ ಗೇಟಿನೊಳಗೆ ಹೋಗಿದ್ದರು. ಒಂದೇ ವಾರದಲ್ಲಿ ಇಬ್ಬರೂ ತೀರಿಕೊಂಡರು. ಯಾರ ತಪ್ಪೂ ಅಲ್ಲ. ಆ ವರ್ಷ ಗಂಟಲುಮಾರಿ ಮನೆಯಲ್ಲಿದ್ದ ಮಕ್ಕಳನ್ನೂ ಬಿಟ್ಟಿರಲಿಲ್ಲ. ಆದರೆ ತಾಯಿಗೆ ನೆನಪಿರುವುದು ಗೇಟು. ಆಮೇಲೆ ಅವಳು ಪೇಟೆಗೆ ಹೋದರೂ ಆ ಬೀದಿ ಬಿಟ್ಟು ಬಳಸಿ ಹೋಗುತ್ತಿದ್ದಳು.

"ನನ್ನ ಗಾಡೀಲೇ ಕರ್ಕೊಂಡು ಹೋಗ್ತೀನಿ ಬಾ, ಈಗ್ಲೇ," ಎಂದ ಫೆಸ್ಟಿ.

"ಕದ್ದು ಹೋದ್ರೆ ಆ ಹೊಸಲು ನಾನು ಮತ್ತೆ ದಾಟೋ ಹಾಗಿಲ್ಲ. ಮಗು ರಾತ್ರಿ ಮಲಗೋದು ಅವರ ಎದೆ ಮೇಲೆ. ಹೆತ್ತಿದ್ದು ನಾನು, ಹಿಡ್ಕೊಂಡಿರೋದು ಅವರು. ಅವರ ಕೈಯಿಂದ ಕಿತ್ಕೊಂಡು ಹೋಗಕ್ಕೆ ನನಗೆ ಮನಸ್ಸೂ ಇಲ್ಲ."

ಫೆಸ್ಟಿ ಎದೆ ತಟ್ಟಿಕೊಂಡ. "ಒಂದು ಮಾತು ತಾನೆ? ಈ ಬಾಯಿ ಸಾವಿರ ಮಾತು ಹೇಳಿದೆ. ಹೋಗು, ಮಗೂನ ಬಟ್ಟೆ ಗಂಟು ಕಟ್ಟಿಡು."

ಮರುದಿನ ಬೆಳಿಗ್ಗೆ ಅವನು ಗಡ್ಡ ಬೋಳಿಸಿಕೊಂಡು, ಕುದುರೆಯ ಮೈ ಉಜ್ಜಿ, "ಆಸ್ಪತ್ರೆ, ಆಸ್ಪತ್ರೆ" ಎಂದು ಬಾಯಿಪಾಠ ಮಾಡುತ್ತ ಹೊರಟ. ಹನೋರಾ ಗೇಟಿನ ಹತ್ತಿರವೇ ನಿಂತಿದ್ದಳು. ಎತ್ತರದ ಹೆಂಗಸು, ಅರವತ್ತೈದರಲ್ಲೂ ಬೆನ್ನು ಬಾಗಿಲ್ಲ. ಕಪ್ಪು ಶಾಲು ಹೊದ್ದು ಕೈಕಟ್ಟಿ ನಿಂತರೆ ಎದುರಿಗಿದ್ದವರು ತಾವೇನು ತಪ್ಪು ಮಾಡಿದೆವೆಂದು ಹುಡುಕಿಕೊಳ್ಳಬೇಕು. ಬಾಗಿಲಲ್ಲಿ ಸಬೀನಾ ಇದ್ದಳು. ಹನೋರಾ ಗಂಟಲು ಸರಿಮಾಡಿಕೊಂಡು, ಒಂದಕ್ಷರ ಬಿಡದೆ ಕೇಳಿದಳು:

"ಮಚ್ಚೆ ಕುದುರೆ ಸವಾರನೇ, ನಾಯಿಕೆಮ್ಮಿಗೆ ಮದ್ದೇನು?"

ಫೆಸ್ಟಿ ಬಾಯಿ ತೆರೆದ. ಅಷ್ಟರಲ್ಲಿ ಹನೋರಾಳ ಗಂಡು ಹೆಬ್ಬಾತು, ಪೋಸ್ಟ್‌ಮ್ಯಾನ್‌ನನ್ನೇ ಎರಡು ಸಲ ಓಡಿಸಿದ್ದ ದುಷ್ಟ, ಬೇಲಿ ಸಂದಿಯಿಂದ ಕತ್ತು ಚಾಚಿ ಬುಸುಗುಡುತ್ತ ಬಂದು ಕುದುರೆಯ ಮುಂಗಾಲಿಗೆ ಕಚ್ಚಿತು. ಕುದುರೆ ಮುಂಗಾಲೆತ್ತಿತು. ಫೆಸ್ಟಿ ಎರಡೂ ಕೈಯಲ್ಲಿ ಲಗಾಮು ಎಳೆದು ಇಡೀ ಸೀಮೆಗೆ ಕೇಳುವ ಹಾಗೆ ಕಿರುಚಿದ:

"ಅಲ್ಲೇ ನಿಲ್ಲು! ಒಂದು ಹೆಜ್ಜೆ ಮುಂದಿಟ್ಟೆಯೋ, ನೋಡು!"

ಕುದುರೆ ನಿಂತಿತು. ಹೆಬ್ಬಾತೂ ನಿಂತಿತು. ಬಾಗಿಲಲ್ಲಿ ಸಬೀನಾಳ ಮುಖ ಬಿಳುಚಿಕೊಂಡಿತು.

"ಕೇಳಿಸಿತು," ಎಂದಳು ಹನೋರಾ.

"ಅಯ್ಯೋ ಅಕ್ಕಾ, ಅದು ಕುದುರೆಗೆ ಹೇಳಿದ್ದು! ನಾನು ಹೇಳಬೇಕು ಅಂತಿದ್ದಿದ್ದು..."

"ಹೇಳಬೇಕು ಅಂತಿದ್ದಿದ್ದು ನಿನ್ನ ಹೊಟ್ಟೇಲಿರ್ಲಿ. ಕುದುರೆಗೆ ಹೇಳಿದ್ದು ಅಂತ ನನಗೂ ಗೊತ್ತು, ನಾನೇನು ದಡ್ಡಿ ಅಲ್ಲ. ಕೇಳಿದ ಮೇಲೆ ಬಾಯಿಂದ ಬಂದ ಮೊದಲ ಮಾತೇ ಮಾತು. ಯಾರಿಗೆ ಹೇಳಿದ್ದು ಅಂತ ನೋಡೋ ಪದ್ಧತಿ ಇಲ್ಲ. ಮಗು ಇದ್ದಲ್ಲೇ ಇರ್ಬೇಕು, ಒಂದು ಹೆಜ್ಜೆ ಕದಲಕೂಡದು. ಸರಿ."

"ಇನ್ನೊಂದ್ಸಲ ಕೇಳಿ ಅಕ್ಕಾ, ಕೈಮುಗೀತೀನಿ!"

"ಒಬ್ಬ ಸವಾರನ್ನ ಒಂದೇ ಸಲ. ನಿನ್ನಪ್ಪ ಹೇಳಿಕೊಟ್ಟಿಲ್ವಾ?" ಹನೋರಾ ಒಳಗೆ ಹೋಗಿ ಅರೆಬಾಗಿಲು ಹಾಕಿಕೊಂಡಳು. ಒಳಗಿನಿಂದ ಕೆಮ್ಮು ಶುರುವಾಯಿತು. ಒಂದರ ಮೇಲೊಂದು, ಎಣಿಸಲಾಗದಷ್ಟು, ಕೊನೆಗೆ ಉಸಿರನ್ನು ಎಳೆದುಕೊಳ್ಳುವ ಆ ಕೂಗು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಫೆಸ್ಟಿ ಕೆಳಗಿಳಿದು, ಲಗಾಮು ಹಿಡಿದು ನಡೆಯುತ್ತ ಹೊರಟ. ಕುದುರೆಯ ಮೇಲೆ ಸಿಟ್ಟು, ಹೆಬ್ಬಾತಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ನಾಲಿಗೆಯ ಮೇಲೆ. ಐವತ್ತೆರಡು ವರ್ಷ ಬೇಡವಾದಲ್ಲೆಲ್ಲ ಹರಿದಾಡಿದ ನಾಲಿಗೆ, ಬೇಕಾದ ಒಂದೇ ಒಂದು ದಿನ ಕೈಕೊಟ್ಟಿತ್ತು. ಆ ಮಗು ಸತ್ತರೆ ಸಾಯಿಸಿದವನು ನಾನೇ ಎನ್ನಿಸಿ ಅವನಿಗೆ ಕಾಲು ಎತ್ತಿಡುವುದೂ ಭಾರವಾಯಿತು. ಹಿಂದೆಂದೂ ಅವನಿಗೆ ಹೀಗಾಗಿರಲಿಲ್ಲ.

ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡರಸ್ತೆಯ ಹತ್ತಿರ ಕೆಮ್ಮುವ ಹುಡುಗನೊಬ್ಬನನ್ನು ಕಂಕುಳಲ್ಲಿ ಎತ್ತಿಕೊಂಡು ಒಬ್ಬ ಹೆಂಗಸು ಓಡಿಬಂದಳು. ಪಕ್ಕದ ಊರಿನವಳು, ಅವನಿಗೆ ಗುರುತಿಲ್ಲ. ಅವಳು ಬಂದವಳೇ ಕುದುರೆಯ ಬರಿಬೆನ್ನು ನೋಡಿ ನಿಂತುಬಿಟ್ಟಳು.

"ಏನಪ್ಪಾ, ಹತ್ತಲ್ವಾ? ಕೇಳ್ಬೇಕು, ಬೇಗ ಹತ್ತು."

"ಹಾಗೇ ಕೇಳಮ್ಮ," ಎಂದ ಫೆಸ್ಟಿ ಬೇಸರದಿಂದ. "ಹೇಳೋನು ನಾನೇ ತಾನೆ?"

ಅವಳು ಅವನನ್ನು ಟೋಪಿಯಿಂದ ಬೂಟಿನ ತನಕ ಒಮ್ಮೆ ನೋಡಿದಳು. "ನೆಲದ ಮೇಲೆ ನಿಂತ್ಕೊಂಡು ನೀನು ಹೇಳೋದಾದ್ರೆ ಅದಕ್ಕೆ ನಮ್ಮನೆಯವರೇ ಇದ್ದಾರಲ್ಲ. ನಿನ್ನ ಮಾತು ಯಾರಿಗಯ್ಯಾ ಬೇಕು? ಬೇಕಾಗಿರೋದು ಕುದುರೆ ಮೇಲಿನ ಮಾತು."

ಬೇರೆ ದಿನವಾಗಿದ್ದರೆ ಫೆಸ್ಟಿ ಆ ಮಾತಿಗೆ ಒಂದು ವಾರ ಮುನಿಸಿಕೊಳ್ಳುತ್ತಿದ್ದ. ಚರ್ಚಿನ ಗೋಡೆಯ ಹತ್ತಿರ ಸಿಕ್ಕಿದ ಜಾಗ, ಡಾಕ್ಟ್ರೇ ಎಂಬ ಹೆಸರು, ಎಲ್ಲ ಈ ನಾಲ್ಕು ಕಾಲಿನ ಮೃಗಕ್ಕೆ ಸೇರಿದ್ದು, ತಾನು ಬರೀ ಮೇಲೆ ಕೂತವನು! ಮುಖ ಬಿಸಿಯಾಯಿತು. ಆದರೆ ಮರುಗಳಿಗೆ ಏನೋ ಹೊಳೆದು ಅವನು ಗಹಗಹಿಸಿ ನಕ್ಕ. ಹೆಂಗಸು ಹೆದರಿ ಎರಡು ಹೆಜ್ಜೆ ಹಿಂದೆ ಸರಿದಳು.

"ಸರಿಯಾಗಿ ಹೇಳಿದೆ ತಾಯೀ, ಸಾವಿರದಲ್ಲೊಂದು ಮಾತು!" ಎಂದವನೇ ಕುದುರೆಯ ಮೇಲೆ ಹಾರಿದ. ಅವಳು ಗಡಿಬಿಡಿಯಲ್ಲಿ ಕೇಳಿದಳು. "ಜೇನುತುಪ್ಪ, ಬೆಚ್ಚಗಿನ ಹಾಲು," ಎಂದು ಕೂಗಿ ಬಂದ ದಾರಿಯಲ್ಲೇ ಓಡಿಸಿದ.

ಸಬೀನಾ ರಸ್ತೆಯ ಬದಿಯ ಬಾವಿಯ ಹತ್ತಿರ ಬಕೆಟ್ ಇಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಅವನಿಗೆ ನೋಡಲು ಸುಲಭವಾಗುತ್ತಿತ್ತು.

"ಯಾವತ್ತಾದ್ರೂ ಕುದುರೆ ಹತ್ತಿದ್ದೀಯಾ?"

"ಇಲ್ಲ. ಕತ್ತೆ ಹತ್ತಿದ್ದೀನಿ."

"ಇದೂ ಅಂಥದ್ದೇ, ಸ್ವಲ್ಪ ಎತ್ತರ. ಒಬ್ಬ ಸವಾರನ್ನ ಒಂದೇ ಸಲ ಅಂದ್ರು ನಿಮ್ಮತ್ತೆ. ಇನ್ನೊಬ್ಬ ಸವಾರನ್ನ ಕೇಳಬಾರದು ಅಂತ ಹೇಳಿದ್ರಾ? ಇಲ್ಲ. ಗಂಡಸೇ ಆಗಿರ್ಬೇಕು ಅಂತ ಹೇಳಿದ್ರಾ? ಅದೂ ಇಲ್ಲ. ಹತ್ತಮ್ಮಾ ಮೇಲೆ."

ಸಬೀನಾ ಅವನನ್ನೂ ಕುದುರೆಯನ್ನೂ ನೋಡಿದಳು. ಅವಳ ಮುಖದಲ್ಲಿ ನಿಧಾನವಾಗಿ ಬೆಳಕು ಬಂತು. "ಅತ್ತೆ ನನ್ನನ್ನ ಕೇಳ್ತಾರಾ? ಆರು ವರ್ಷದಲ್ಲಿ ಉಪ್ಪು ಎಷ್ಟು ಹಾಕಲಿ ಅಂತ ಕೂಡ ಕೇಳಿದೋರಲ್ಲ."

"ಕೇಳ್ತಾರೋ ಇಲ್ವೋ, ಮೇಲೆ ಕೂತ್ಕೊಂಡು ನೋಡೋಣ. ಮೊದಲು ನಾನು ಆ ಹೆಬ್ಬಾತು ಹಿಡೀತೀನಿ."

ಹೆಬ್ಬಾತು ಸುಮ್ಮನೆ ಸಿಕ್ಕಲಿಲ್ಲ. ಫೆಸ್ಟಿಯ ಮಣಿಕಟ್ಟಿನಲ್ಲಿ ಎರಡು ಕಡೆ ರಕ್ತ ಬಂತು. ಕೊನೆಗೆ ಅದನ್ನು ಕಂಕುಳಲ್ಲಿ ಒತ್ತಿ, ಕೊಕ್ಕನ್ನು ಮುಷ್ಟಿಯಲ್ಲಿ ಹಿಡಿದು, ಅವನು ಗೇಟಿನ ಪಕ್ಕ ನಿಂತ. ಸಬೀನಾ ಬೇಲಿ ದಾಟುವ ಮೆಟ್ಟಿಲಿನಿಂದ ಕುದುರೆ ಏರಿ, ಲಂಗ ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. ಗೊರಸಿನ ಸದ್ದಿಗೆ ಹನೋರಾ ಹೊರಗೆ ಬಂದಳು. ಹೆಗಲ ಮೇಲೆ ಮಗು. ಬಿಳಿಚಿದ ಪುಟ್ಟ ಮುಖ, ತುಟಿಯ ಸುತ್ತ ನೀಲಿ ಗೆರೆ.

"ಏನಿದು ನಾಟಕ? ಇಳಿ ಕೆಳಗೆ."

ಸಬೀನಾ ಇಳಿಯಲಿಲ್ಲ. "ಕೇಳಿ ಅತ್ತೆ," ಎಂದಳು.

"ನಿನ್ನನ್ನ? ನಾನು?"

"ನನ್ನನ್ನಲ್ಲ. ಕುದುರೆ ಮೇಲಿರೋರನ್ನ."

ಹನೋರಾ ಫೆಸ್ಟಿಯ ಕಡೆ ತಿರುಗಿದಳು. "ಇದು ನಿನ್ನ ಕಿತಾಪತಿ."

"ಹೌದಕ್ಕಾ," ಎಂದ ಫೆಸ್ಟಿ, ಹೆಬ್ಬಾತನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು. "ಪದ್ಧತಿ ನಂದಲ್ಲ, ನಿಮ್ಮದೇ. ಮಚ್ಚೆ ಕುದುರೆ ಇದೆ. ಸವಾರಳಿದ್ದಾಳೆ. ನೀವು ಅವಳನ್ನ ಇನ್ನೂ ಒಂದು ಸಲಾನೂ ಕೇಳಿಲ್ಲ. ಕೇಳೋಕೆ ಬಾಯಿ ಬರದಿದ್ರೆ ಬಿಡಿ, ಮಗೂಗಿಂತ ಮಾನ ದೊಡ್ಡದು ಅಂತ ನಾನು ಊರಿಗೆ ಹೇಳ್ತೀನಿ."

ಯಾರೂ ಹನೋರಾಳಿಗೆ ಹಾಗೆ ಹೇಳಿದ್ದಿಲ್ಲ. ಅವಳ ದವಡೆ ಬಿಗಿಯಿತು. ಫೆಸ್ಟಿ ಏಟು ಬೀಳುತ್ತದೆಂದೇ ತಿಳಿದ. ಆಗ ಡೀಲಿಯಾ ಕೆಮ್ಮತೊಡಗಿದಳು. ಹೆಗಲಿನಿಂದ ತಲೆ ಎತ್ತಲೂ ಶಕ್ತಿಯಿಲ್ಲದೆ, ಮುಖ ಕೆಂಪಾಗಿ, ಕಡುಗೆಂಪಾಗಿ, ಆಮೇಲೆ ಬಣ್ಣವೇ ಇಲ್ಲದಂತಾಗಿ. ಕೊನೆಯ ಕೂಗು ಬರುವುದು ತಡವಾಯಿತು. ಹನೋರಾ ಮಗುವಿನ ಬೆನ್ನನ್ನು ಉಜ್ಜುತ್ತ, "ಎಳ್ಕೋ ಕಂದಾ, ಉಸಿರು ಎಳ್ಕೋ," ಎಂದು ಬೇಡುತ್ತಿದ್ದಳು. ಮೂವರೂ ತಮ್ಮ ಉಸಿರು ಹಿಡಿದು ಮಗುವಿನ ಉಸಿರಿಗೆ ಕಾದರು. ಉಸಿರು ಬಂತು, ಸಣ್ಣದಾಗಿ.

ಹನೋರಾ ತಲೆ ಎತ್ತಿ ಸೊಸೆಯನ್ನು ನೋಡಿದಳು. ಇಷ್ಟು ವರ್ಷ ಮೇಲಿನಿಂದ ಕೆಳಗೆ ನೋಡಿದವಳು, ಈಗ ಕತ್ತೆತ್ತಿ ನೋಡಬೇಕಾಗಿತ್ತು.

"ಮಚ್ಚೆ ಕುದುರೆ ಸವಾರಳೇ," ಎಂದಳು. ದನಿ ಒಡೆಯಿತು. ನಿಲ್ಲಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು, ಪದ್ಧತಿ ಪದ್ಧತಿಯೇ. "ಮಚ್ಚೆ ಕುದುರೆ ಸವಾರಳೇ, ನಾಯಿಕೆಮ್ಮಿಗೆ ಮದ್ದೇನು?"

ಆಸ್ಪತ್ರೆ ಎಂದು ಒಂದೇ ಮಾತು ಬರುತ್ತದೆಂದು ಫೆಸ್ಟಿ ಕಾದಿದ್ದ. ಸಬೀನಾ ಹೇಳಿದ್ದು ಬೇರೆ.

"ಅಜ್ಜಿ ತನ್ನ ಕೈಯಾರೆ ಎತ್ಕೊಂಡು ಪೇಟೆ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಈಗಲೇ. ಬೇರೆ ಯಾರ ಕೈಗೂ ಕೊಡಬಾರದು."

ಫೆಸ್ಟಿಗೆ ಮೈ ಜುಂ ಎಂದಿತು. ಇದೆಂಥ ಹುಡುಗಿ ಎಂದುಕೊಂಡ. ಗೆದ್ದ ಗಳಿಗೆಯಲ್ಲಿ ಮಗುವನ್ನು ಕಿತ್ತುಕೊಳ್ಳಬಹುದಾಗಿತ್ತು. ಅವಳು ಅದನ್ನು ಇನ್ನೂ ಬಿಗಿಯಾಗಿ ಮುದುಕಿಯ ಕೈಗೇ ಕಟ್ಟಿದಳು. ಹನೋರಾ ಮನೆಯ ಕಡೆ ತಿರುಗಿದಳು. ಒಳಗೆ ಹೋಗಿ, ಮಗುವಿಗೆ ಇನ್ನೊಂದು ಶಾಲು ಸುತ್ತಿ, ಒಲೆಯ ಬೆಂಕಿಗೆ ಬೂದಿ ಮುಚ್ಚಿ ಬಂದಳು.

ಮ್ಯಾನಿಯನ್ನರ ಗಾಡಿ ಕೊಟ್ಟಿಗೆಯಲ್ಲೇ ಇತ್ತು. ಫೆಸ್ಟಿ ಹೆಬ್ಬಾತನ್ನು ಹಂದಿಗೂಡಿಗೆ ತಳ್ಳಿ ಅಗಳಿ ಹಾಕಿ, ಕುದುರೆಯನ್ನು ಗಾಡಿಗೆ ಕಟ್ಟಿದ. ಪೇಟೆಗೆ ಏಳು ಮೈಲಿ. ಫೆಸ್ಟಿಯ ಜೀವಮಾನದಲ್ಲೇ ಅಷ್ಟು ದೂರ ಅವನು ಬಾಯಿ ಮುಚ್ಚಿಕೊಂಡು ಹೋದದ್ದಿಲ್ಲ. ಎದುರು ಬಂದ ಇಬ್ಬರು ಹೆಂಗಸರು 'ಕುದುರೆ ಹತ್ತು' ಎನ್ನಲು ಬಾಯಿ ತೆರೆದು, ಗಾಡಿಯಲ್ಲಿ ಕೂತಿದ್ದ ಹನೋರಾಳ ಮುಖ ನೋಡಿ ದಾರಿ ಬಿಟ್ಟರು.

ಆಸ್ಪತ್ರೆಯ ಗೇಟು ಕಬ್ಬಿಣದ್ದು. ಗಾಡಿ ನಿಂತಿತು. ಫೆಸ್ಟಿ ಇಳಿದ, ಸಬೀನಾ ಇಳಿದಳು. ಹನೋರಾ ಇಳಿಯಲಿಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು ಗೇಟನ್ನೇ ನೋಡುತ್ತಿದ್ದಳು.

"ಆಸ್ಪತ್ರೆಗೆ ಅಂದೆ ನೀನು, ಬಂದೆ ನಾನು," ಎಂದಳು, ಯಾರ ಕಡೆಯೂ ನೋಡದೆ. "ನನ್ನ ಕಾಲು ಮುಂದೆ ಬರ್ತಿಲ್ಲ ಸಬೀನಾ."

ಫೆಸ್ಟಿ ಗಡಬಡಿಸಿ ಕುದುರೆಯ ಪಟ್ಟಿ ಬಿಚ್ಚಲು ಹೋದ. "ಹತ್ತಮ್ಮಾ, ಇನ್ನೊಂದ್ಸಲ ಹತ್ತು, ಹತ್ತಿ ಹೇಳು."

ಸಬೀನಾ ಬೇಡವೆಂದು ತಲೆಯಾಡಿಸಿದಳು. ಗಾಡಿಯ ಪಕ್ಕಕ್ಕೆ ಬಂದು, ನೆಲದ ಮೇಲೆ ನಿಂತೇ ಕೈ ಮೇಲಕ್ಕೆ ಚಾಚಿದಳು. "ಈಗ ನಾನು ಸವಾರಳಲ್ಲ ಅತ್ತೆ. ನನ್ನ ಮಾತು ಕೇಳ್ಲೇಬೇಕು ಅಂತ ಏನಿಲ್ಲ. ಭಯ ನನಗೂ ಇದೆ. ಜೊತೇಲಿ ಹೋಗೋಣ ಬನ್ನಿ."

ಹನೋರಾ ಆ ಕೈಯನ್ನು ನೋಡಿದಳು. ಆಮೇಲೆ ಹಿಡಿದು ಇಳಿದಳು. ಗೇಟಿನಿಂದ ಬಾಗಿಲ ತನಕ ಅವರು ಕೈ ಬಿಡಲಿಲ್ಲ. ಫೆಸ್ಟಿ ಹೊರಗೆ ನಿಂತು ನೋಡಿದ. ಕಣ್ಣು ಒದ್ದೆಯಾದದ್ದನ್ನು ಯಾರಾದರೂ ಕಂಡಾರೆಂದು ಕುದುರೆಯ ಕತ್ತಿಗೆ ಮುಖ ಒರೆಸಿಕೊಂಡ.

ರೋಗ ಎದೆಗೆ ಇಳಿದಿದೆ ಎಂದರು ಡಾಕ್ಟರು. ಇನ್ನೆರಡು ದಿನ ಮನೆಯಲ್ಲಿದ್ದಿದ್ದರೆ ಏನನ್ನೂ ಹೇಳುವಂತಿರಲಿಲ್ಲ ಎಂದೂ ಅಂದರು. ಮೊದಲ ನಾಲ್ಕು ದಿನ ಮಗು ಉಳಿಯುತ್ತದೆಂದು ಅವರೂ ಭರವಸೆ ಕೊಡಲಿಲ್ಲ. ಹನೋರಾ ಹಾಸಿಗೆಯ ಪಕ್ಕದ ಬೆಂಚಿನಿಂದ ಏಳಲಿಲ್ಲ. ದಾದಿಯರು ಎಬ್ಬಿಸಲು ನೋಡಿ ಸೋತು, ಕೊನೆಗೆ ಅವಳಿಗೂ ಒಂದು ಬಟ್ಟಲು ಗಂಜಿ ತಂದುಕೊಡತೊಡಗಿದರು. ಸಬೀನಾ ಒಂದು ದಿನ ಇಲ್ಲಿ, ಒಂದು ದಿನ ಹಸು ಕರೆಯಲು ಮನೆಯಲ್ಲಿ. ಅವಳನ್ನು ಕರೆದೊಯ್ದು ಕರೆತರುವುದು ಫೆಸ್ಟಿಯ ಪಾಲಿಗೆ ಬಂತು. ಊರಿನ ಹೆಂಟೆಗಳು ಜೌಗಿನಲ್ಲೇ ನೆನೆದವು, ಯಾರೂ ಚಕಾರವೆತ್ತಲಿಲ್ಲ. ಆರನೆಯ ದಿನ ಡೀಲಿಯಾ ರೊಟ್ಟಿ ಕೇಳಿದಳು. ಕೊಟ್ಟದ್ದು ಹೊಟ್ಟೆಯಲ್ಲಿ ನಿಂತಿತು.

ಹನ್ನೊಂದನೆಯ ದಿನ ಫೆಸ್ಟಿ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಗೇಟಿನ ಮುಂದೆ ಕಾಯುತ್ತಿದ್ದ. ಡೀಲಿಯಾ ಒಂದು ಕೈಯಲ್ಲಿ ಅಮ್ಮನ ಬೆರಳು, ಇನ್ನೊಂದರಲ್ಲಿ ಅಜ್ಜಿಯ ಬೆರಳು ಹಿಡಿದು ಹೊರಗೆ ಬಂದಳು. ಕಾಲು ಕಡ್ಡಿಯಾಗಿತ್ತು, ಕಣ್ಣು ಮಾತ್ರ ಮೊದಲಿನ ಹಾಗೆ ಚುರುಕಾಗಿ ಕುದುರೆಯನ್ನು ಹುಡುಕುತ್ತಿತ್ತು.

"ಬಾ ರಾಣೀ, ಎತ್ತಿ ಕೂರಿಸ್ತೀನಿ," ಎಂದು ಫೆಸ್ಟಿ ಬಾಗಿದ.

ಹನೋರಾ ಅವನ ತೋಳು ಹಿಡಿದು ತಡೆದಳು.

"ಬೇಡ ಫೆಸ್ಟಿ. ಲೂಕ್‌ನೂ ಅನ್ನಿನೂ ಈ ಗೇಟಿಂದ ಆಚೆ ಗಾಡೀಲಿ, ಪೆಟ್ಟಿಗೇಲಿ ಬಂದ್ರು. ಇವಳು ನಡ್ಕೊಂಡು ಬರ್ಲಿ. ಆ ತಿರುವಿನ ತನಕ ಸಾಕು. ನಾನು ನೋಡ್ಬೇಕು."

ಅವಳು ಮಗುವಿನ ಕೈಯಿಂದ ತನ್ನ ಬೆರಳು ಬಿಡಿಸಿಕೊಂಡು, ಸಬೀನಾಳ ಜೊತೆ ಅದನ್ನು ಮುಂದೆ ಕಳಿಸಿ, ತಾನು ಹತ್ತು ಹೆಜ್ಜೆ ಹಿಂದೆ ಉಳಿದಳು. ಫೆಸ್ಟಿ ಖಾಲಿ ಗಾಡಿಯನ್ನು ಅವರ ಹಿಂದೆ ನಡೆಸಿಕೊಂಡು ಹೋದ.